ಐಸಿ ಅಂದರೆ ಏನು? ಬೆಸುಗೆ ಬಿಟ್ಟು ಅಚ್ಚು ಹಿಡಿದ ಸರ್ಕ್ಯೂಟಿನ ಕಥೆ

"ಐಸಿ ಉಡ್ ಗಯಾ, ಭಾಯ್." ಮುಂಬೈನ ಲ್ಯಾಮಿಂಗ್ಟನ್ ರೋಡಿನಲ್ಲೋ, ದೆಹಲಿಯ ನೆಹರೂ ಪ್ಲೇಸಿನಲ್ಲೋ, ಹೈದರಾಬಾದಿನ ಜಗದೀಶ್ ಮಾರ್ಕೆಟ್ಟಿನಲ್ಲೋ ಮೊಬೈಲ್ ರಿಪೇರಿಗೆ ಕೊಟ್ಟವರಿಗೆ ಈ ಮಾತು ಹೊಸದಲ್ಲ. ಚೆನ್ನೈನ ರಿಚಿ ಸ್ಟ್ರೀಟಿನಲ್ಲಿ ಇದನ್ನೇ ತಮಿಳಿನಲ್ಲಿ ಹೇಳುತ್ತಾರೆ, ಅಷ್ಟೇ ವ್ಯತ್ಯಾಸ. ನಾವು ತಲೆಯಾಡಿಸುತ್ತೇವೆ, ಎಷ್ಟಾಗುತ್ತೆ ಅಂತ ಕೇಳುತ್ತೇವೆ, ಸ್ವಲ್ಪ ಚೌಕಾಸಿ ಮಾಡುತ್ತೇವೆ. ಆದರೆ ಈ ಐಸಿ ಅಂದರೆ ಏನು? ಅದರೊಳಗೆ ಏನಿದೆ? ಕೆಟ್ಟಾಗ ಅದನ್ನು ಬಿಚ್ಚಿ ಸರಿಮಾಡದೆ ಪೂರ್ತಿ ಕಿತ್ತು ಇನ್ನೊಂದನ್ನು ಕೂರಿಸುವುದು ಯಾಕೆ? ಇದನ್ನು ಕೇಳುವವರು ಕಡಿಮೆ.

ಐಸಿ ಅಂದರೆ ಇಂಟಿಗ್ರೇಟೆಡ್ ಸರ್ಕ್ಯೂಟ್. ಹಿಂದೆ ಬೇರೆ ಬೇರೆ ಬಿಡಿಭಾಗಗಳನ್ನು ತಂದು ಜೋಡಿಸಿ ಮಾಡುತ್ತಿದ್ದ ಇಡೀ ಸರ್ಕ್ಯೂಟನ್ನು ಒಂದೇ ತುಂಡು ಸಿಲಿಕಾನ್ ಮೇಲೆ ಒಟ್ಟಿಗೆ ಮೂಡಿಸಿದ್ದು. ಮಾತಿನಲ್ಲಿ ಇದನ್ನೇ ಚಿಪ್ ಅನ್ನುತ್ತೇವೆ. ಚಿಪ್ ಅಂದ ಕೂಡಲೇ "ಎಷ್ಟು ಚಿಕ್ಕದು ನೋಡಿ" ಅಂತ ಎಲ್ಲರೂ ಬೆರಗಾಗುತ್ತಾರೆ. ಅದರ ನಿಜವಾದ ಗುಟ್ಟು ಗಾತ್ರಕ್ಕಿಂತ ಹೆಚ್ಚಾಗಿ ಮಾಡುವ ವಿಧಾನದಲ್ಲಿದೆ. ಚಿಪ್ಪನ್ನು ಯಾರೂ ಜೋಡಿಸುವುದಿಲ್ಲ, ಪುಸ್ತಕದ ಪುಟದ ಹಾಗೆ ಅಚ್ಚು ಹಾಕುತ್ತಾರೆ. ಈ ಒಂದು ಸಂಗತಿ ಮನಸ್ಸಿಗೆ ಹತ್ತಿದರೆ ಮೊಬೈಲ್ ಯಾಕೆ ಇಷ್ಟು ಅಗ್ಗವಾಯಿತು, ಒಂದು ಸಣ್ಣ ಚಿಪ್ ಸಿಗದೆ ಕಾರಿನ ಕಾರ್ಖಾನೆ ಯಾಕೆ ನಿಂತಿತು, ನಮ್ಮ ಮಕ್ಕಳು ಈ ವಿದ್ಯೆಯನ್ನು ಎಲ್ಲಿಂದ ಹಿಡಿಯಬಹುದು ಎಂಬ ಮೂರೂ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ.

ನಿಮ್ಮ ಜೇಬಿನಲ್ಲೇ ಇರುವ ಕಂಪ್ಯೂಟರ್

ನಿಮ್ಮ ಎಟಿಎಂ ಕಾರ್ಡನ್ನು ಹೊರಗೆ ತೆಗೆಯಿರಿ. ಮುಂಭಾಗದಲ್ಲಿ ಚಿನ್ನದ ಬಣ್ಣದ ಸಣ್ಣ ಚೌಕ ಕಾಣುತ್ತದೆ. ಅದೇ ಚಿಪ್ ಅಂತ ಬಹಳ ಜನ ತಿಳಿದಿದ್ದಾರೆ. ಅದು ಬರೀ ತಾಗುವ ಜಾಗ. ಚಿಪ್ ಅದರ ಅಡಿಯಲ್ಲಿ, ಅದಕ್ಕಿಂತ ಚಿಕ್ಕದಾಗಿ ಕುಳಿತಿದೆ. ಅದರಲ್ಲಿ ಲೆಕ್ಕ ಮಾಡುವ ಭಾಗವೂ ಇದೆ, ನೆನಪಿಡುವ ಭಾಗವೂ ಇದೆ. ಬ್ಯಾಟರಿ ಮಾತ್ರ ಇಲ್ಲ. ಮಷೀನಿಗೆ ಸಿಕ್ಕಿಸಿದಾಗ ಅಲ್ಲಿಂದಲೇ ಕರೆಂಟ್ ತೆಗೆದುಕೊಂಡು ಎಚ್ಚರವಾಗುತ್ತದೆ, ಕೆಲಸ ಮುಗಿಸಿ ಮತ್ತೆ ಮಲಗುತ್ತದೆ.

ಹಳೆಯ ಕಾರ್ಡುಗಳಲ್ಲಿ ಹಿಂಭಾಗದ ಕಪ್ಪು ಪಟ್ಟಿಯೇ ಎಲ್ಲವೂ ಆಗಿತ್ತು. ಅದು ಯಾವಾಗ ಉಜ್ಜಿದರೂ ಒಂದೇ ಮಾಹಿತಿ ಕೊಡುತ್ತದೆ, ಹಾಗಾಗಿ ನಕಲು ಮಾಡುವುದು ಸುಲಭ. ಚಿಪ್ ಹಾಗಲ್ಲ. ಪ್ರತಿ ವ್ಯವಹಾರಕ್ಕೂ ಒಳಗೇ ಲೆಕ್ಕ ಹಾಕಿ ಹೊಸ ಗುಪ್ತಸಂಖ್ಯೆ ಕೊಡುತ್ತದೆ. ಹೀಗಾಗಿಯೇ ರಿಸರ್ವ್ ಬ್ಯಾಂಕ್ 2018ರ ಡಿಸೆಂಬರ್ ಕೊನೆಯೊಳಗೆ ಹಳೆಯ ಕಾರ್ಡುಗಳನ್ನು ಚಿಪ್ ಕಾರ್ಡುಗಳಾಗಿ ಬದಲಿಸಿ ಅಂತ ಬ್ಯಾಂಕುಗಳಿಗೆ ಹೇಳಿತು. ಸಿಮ್ ಕಾರ್ಡ್, ಮೆಟ್ರೋ ಕಾರ್ಡ್, ವಾಷಿಂಗ್ ಮಷೀನ್, ಟಿವಿ ರಿಮೋಟ್, ಡಿಜಿಟಲ್ ತಕ್ಕಡಿ, ಬಿಪಿ ನೋಡುವ ಯಂತ್ರ, ಹೀಗೆ ಬೆಳಗಿನಿಂದ ರಾತ್ರಿಯವರೆಗೆ ನೀವು ಮುಟ್ಟುವ ಎಷ್ಟೋ ವಸ್ತುಗಳಲ್ಲಿ ಐಸಿ ಇದೆ.

ಒಳಗಿರುವುದು ಬರೀ ಸ್ವಿಚ್

ಚಿಪ್‌ನ ಒಳಗೆ ಮುಖ್ಯವಾಗಿ ಇರುವುದು ಟ್ರಾನ್ಸಿಸ್ಟರ್. ಟ್ರಾನ್ಸಿಸ್ಟರ್ ಅಂದರೆ ಕರೆಂಟನ್ನು ಬಿಡುವ ಅಥವಾ ತಡೆಯುವ ಒಂದು ಸ್ವಿಚ್. ಗೋಡೆಯ ಸ್ವಿಚ್ಚಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಉಂಟು. ಗೋಡೆಯ ಸ್ವಿಚ್ಚನ್ನು ಒತ್ತಲು ಬೆರಳು ಬೇಕು. ಟ್ರಾನ್ಸಿಸ್ಟರನ್ನು ಒತ್ತುವುದು ಇನ್ನೊಂದು ಕಡೆಯಿಂದ ಬರುವ ವಿದ್ಯುತ್ತು. ಅಂದರೆ ಒಂದು ಸ್ವಿಚ್ ಇನ್ನೊಂದು ಸ್ವಿಚ್ಚನ್ನು ಹಾಕಬಲ್ಲದು, ಅದು ಮತ್ತೊಂದನ್ನು. ಅಲುಗಾಡುವ ಭಾಗ ಯಾವುದೂ ಇಲ್ಲದ ಕಾರಣ ಸೆಕೆಂಡಿಗೆ ಕೋಟಿಗಟ್ಟಲೆ ಸಲ ಹಾಕಿ ತೆಗೆದರೂ ಸವೆದು ಮುರಿಯುವಂಥದ್ದು ಏನಿಲ್ಲ.

ಸರಿ, ಬರೀ ಸ್ವಿಚ್ಚಿನಿಂದ ಲೆಕ್ಕ ಹೇಗೆ ಆಗುತ್ತದೆ? ನಿಮ್ಮ ಮನೆಯ ಮೆಟ್ಟಿಲ ದೀಪವನ್ನೇ ನೋಡಿ. ಕೆಳಗೊಂದು ಸ್ವಿಚ್, ಮೇಲೊಂದು ಸ್ವಿಚ್. ಎರಡೂ ಕೆಳಮುಖವಾಗಿದ್ದಾಗ ದೀಪ ಆರಿದೆ ಅಂತ ಇಟ್ಟುಕೊಳ್ಳಿ. ಯಾವುದಾದರೂ ಒಂದನ್ನು ಮೇಲೆ ಮಾಡಿದರೆ ದೀಪ ಹತ್ತುತ್ತದೆ. ಎರಡನ್ನೂ ಮೇಲೆ ಮಾಡಿದರೆ ಮತ್ತೆ ಆರುತ್ತದೆ. ಈಗ ಮೇಲೆ ಇದ್ದರೆ 1, ಕೆಳಗೆ ಇದ್ದರೆ 0 ಅನ್ನಿ. 0 ಮತ್ತು 0 ಕೂಡಿದರೆ 0, ದೀಪ ಆರಿದೆ. 0 ಮತ್ತು 1 ಕೂಡಿದರೆ 1, ದೀಪ ಹತ್ತಿದೆ. 1 ಮತ್ತು 1 ಕೂಡಿದರೆ ಎರಡು. ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ ಎರಡನ್ನು ಬರೆಯುವುದು 10 ಎಂದು. ಬಿಡಿ ಸ್ಥಾನದಲ್ಲಿ 0, ದೀಪ ಆರಿದೆ! ಮುಂದಿನ ಸ್ಥಾನಕ್ಕೆ ಒಂದು ದಶಕ ಹೋಗಬೇಕಲ್ಲ, ಅದಕ್ಕೆ ಎರಡು ಸ್ವಿಚ್ಚುಗಳನ್ನು ಒಂದೇ ತಂತಿಯಲ್ಲಿ ಒಂದರ ಹಿಂದೆ ಒಂದು ಇಟ್ಟು ಇನ್ನೊಂದು ದೀಪ ಹಾಕಿ. ಎರಡೂ ಹಾಕಿದಾಗ ಮಾತ್ರ ಅದು ಹತ್ತುತ್ತದೆ.

ಅಷ್ಟೇ. ನಿಮ್ಮ ಮೆಟ್ಟಿಲ ಕೆಳಗೆ ಕೂಡುವ ಯಂತ್ರ ತಯಾರಾಯಿತು. ಒಂದು ಅಂಕಿ ಕೂಡುವುದು ಗೊತ್ತಾದರೆ ಹತ್ತು ಅಂಕಿ ಕೂಡಬಹುದು. ಕೂಡುವುದನ್ನೇ ಮತ್ತೆ ಮತ್ತೆ ಮಾಡಿದರೆ ಗುಣಿಸಬಹುದು. ಚಿತ್ರ, ಹಾಡು, ಅಕ್ಷರ ಎಲ್ಲವನ್ನೂ ಸಂಖ್ಯೆ ಮಾಡಿಕೊಂಡರೆ ಉಳಿದದ್ದು ಲೆಕ್ಕವೇ. ಆದ್ದರಿಂದ ಕಂಪ್ಯೂಟರಿಗೆ ಬೇಕಾದದ್ದು ಜಾಣ ಸ್ವಿಚ್ಚಲ್ಲ, ಸಾಲುಸಾಲು ಸ್ವಿಚ್ಚು. ಸಾವಿರ ಸಾಲದು, ಲಕ್ಷ ಬೇಕು, ಕೋಟಿ ಬೇಕು. ಕಷ್ಟ ಶುರುವಾದದ್ದು ಇಲ್ಲಿಯೇ.

ಬೆಸುಗೆಯ ಲೆಕ್ಕ

1946ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯ ಜಗತ್ತಿಗೆ ತೋರಿಸಿದ ಎನಿಯಾಕ್ ಕಂಪ್ಯೂಟರಿನಲ್ಲಿ ಸುಮಾರು 18 ಸಾವಿರ ನಿರ್ವಾತ ನಳಿಗೆಗಳಿದ್ದವು. ಹಳೆಯ ರೇಡಿಯೋದಲ್ಲಿ ಬಲ್ಬಿನ ಹಾಗೆ ಹೊಳೆಯುತ್ತಿದ್ದ ವಾಲ್ವ್ ನೆನಪಿದೆಯಾ? ಅದೇ. ಇಡೀ ಯಂತ್ರ ಸುಮಾರು 30 ಟನ್ ತೂಕ. ಅದರಲ್ಲಿ ಕೈಯಿಂದ ಹಾಕಿದ ಬೆಸುಗೆಗಳು ಸುಮಾರು 50 ಲಕ್ಷ.

1947ರ ಡಿಸೆಂಬರಿನಲ್ಲಿ ಬೆಲ್ ಲ್ಯಾಬ್ಸ್‌ನ ಜಾನ್ ಬಾರ್ಡೀನ್ ಮತ್ತು ವಾಲ್ಟರ್ ಬ್ರಾಟನ್ ಟ್ರಾನ್ಸಿಸ್ಟರ್ ಮಾಡಿ ತೋರಿಸಿದರು. ಅವರ ತಂಡದ ಮುಖ್ಯಸ್ಥ ವಿಲಿಯಂ ಶಾಕ್ಲಿ ಅದರ ಇನ್ನೊಂದು ಬಗೆಯನ್ನು ರೂಪಿಸಿದರು. ಮೂವರಿಗೂ 1956ರ ನೊಬೆಲ್ ಬಂತು. ಟ್ರಾನ್ಸಿಸ್ಟರ್ ಚಿಕ್ಕದು, ವಾಲ್ವಿನಷ್ಟು ಬಿಸಿಯಾಗುವುದಿಲ್ಲ, ಬೇಗ ಸುಟ್ಟುಹೋಗುವುದೂ ಇಲ್ಲ. ಎಲ್ಲ ಸರಿಹೋಯಿತು ಅಂದುಕೊಂಡರೆ ಇನ್ನೊಂದು ಗೋಡೆ ಅಡ್ಡ ಬಂತು. ಒಂದೊಂದು ಟ್ರಾನ್ಸಿಸ್ಟರಿಗೂ ಮೂರು ಕಾಲು. ಅದರ ಜೊತೆಗೆ ಬೇಕಾದ ರೆಸಿಸ್ಟರ್, ಕೆಪಾಸಿಟರ್, ಡಯೋಡುಗಳಿಗೆ ಎರಡೆರಡು ಕಾಲು. ಪ್ರತಿ ಕಾಲಿಗೂ ಒಂದು ಬೆಸುಗೆ. ಅದನ್ನು ಮಾಡಲು ಒಂದು ಕೈ, ನೋಡಲು ಒಂದು ಕಣ್ಣು.

ಸ್ವಲ್ಪ ಲೆಕ್ಕ ಹಾಕೋಣ. ನಿಮ್ಮ ಹತ್ತಿರ ಬಹಳ ಪಳಗಿದ ಕೆಲಸಗಾರ ಇದ್ದಾನೆ, 10 ಸಾವಿರ ಬೆಸುಗೆಗೆ ಒಂದು ಮಾತ್ರ ಕೆಡುತ್ತದೆ ಅನ್ನಿ. ನೂರು ಬೆಸುಗೆಯ ರೇಡಿಯೋ ಮಾಡಿದರೆ ಅವನ ನೂರು ರೇಡಿಯೋಗಳಲ್ಲಿ ತೊಂಬತ್ತೊಂಬತ್ತು ಹಾಡುತ್ತವೆ. 10 ಸಾವಿರ ಬೆಸುಗೆಯ ಯಂತ್ರ ಮಾಡಿದರೆ, ಒಂದೂ ತಪ್ಪಿಲ್ಲದ ಯಂತ್ರ ಸಿಗುವುದು ಮೂರಕ್ಕೆ ಹೆಚ್ಚುಕಡಿಮೆ ಒಂದು. 1 ಲಕ್ಷ ಬೆಸುಗೆಯ ಯಂತ್ರ ಮಾಡಿದರೆ ಪ್ರತಿಯೊಂದರಲ್ಲೂ ಸರಾಸರಿ ಹತ್ತು ಕಡೆ ಕೆಟ್ಟಿರುತ್ತದೆ, ಮೊದಲ ಸಲಕ್ಕೇ ಓಡುವ ಯಂತ್ರ ಸಿಗುವುದೇ ಇಲ್ಲ ಅನ್ನಬಹುದು. ಬಿಡಿಭಾಗ ಎಷ್ಟು ಒಳ್ಳೆಯದಾದರೂ ಜೋಡಣೆ ಕೈಕೊಡುತ್ತದೆ. 1950ರ ದಶಕದ ಇಂಜಿನಿಯರುಗಳು ಇದನ್ನು "ಸಂಖ್ಯೆಗಳ ದಬ್ಬಾಳಿಕೆ" ಅಂತ ಕರೆದರು. ಕಾಗದದ ಮೇಲೆ ದೊಡ್ಡ ಕಂಪ್ಯೂಟರ್ ಬರೆಯಬಹುದಿತ್ತು, ಆದರೆ ಮಾಡಿ ನಡೆಸುವುದು ಆಗುತ್ತಿರಲಿಲ್ಲ.

ರಜೆ ಸಿಗದ ಹೊಸ ನೌಕರ

1958ರ ಜುಲೈ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಡಲ್ಲಾಸ್ ಪ್ರಯೋಗಾಲಯ ಬೇಸಿಗೆ ರಜೆಯಿಂದ ಖಾಲಿಯಾಗಿತ್ತು. ಆಗಷ್ಟೇ ಕೆಲಸಕ್ಕೆ ಸೇರಿದ್ದ ಜಾಕ್ ಕಿಲ್ಬಿಗೆ ರಜೆ ಜಮೆ ಆಗಿರಲಿಲ್ಲ, ಒಬ್ಬರೇ ಉಳಿದರು. ಟ್ರಾನ್ಸಿಸ್ಟರನ್ನು ಅರೆವಾಹಕದಿಂದ ಮಾಡುತ್ತೇವೆ, ಸರಿ. ರೆಸಿಸ್ಟರ್, ಕೆಪಾಸಿಟರುಗಳನ್ನೂ ಅದರಿಂದಲೇ ಯಾಕೆ ಮಾಡಬಾರದು ಅಂತ ಅವರು ಯೋಚಿಸಿದರು. ಮೇಲ್ನೋಟಕ್ಕೆ ಇದು ದಂಡದ ಕೆಲಸ. ರೆಸಿಸ್ಟರನ್ನು ಅಗ್ಗದ ಇಂಗಾಲದಿಂದ ಮಾಡಬಹುದಾಗಿರುವಾಗ ಬೆಲೆಬಾಳುವ ವಸ್ತು ಯಾಕೆ ಖರ್ಚು ಮಾಡಬೇಕು? ಆದರೆ ಎಲ್ಲ ಭಾಗಗಳೂ ಒಂದೇ ವಸ್ತುವಿನವಾದರೆ ಎಲ್ಲವನ್ನೂ ಒಂದೇ ತುಂಡಿನಲ್ಲಿ ಮಾಡಬಹುದು, ಬೇರೆ ಮಾಡಿ ಮತ್ತೆ ಜೋಡಿಸುವ ಕೆಲಸ ತಪ್ಪುತ್ತದೆ. ಸೆಪ್ಟೆಂಬರ್ 12ರಂದು ಕಿಲ್ಬಿ ಕಡ್ಡಿಯಷ್ಟಿದ್ದ ಜರ್ಮೇನಿಯಂ ಚೂರಿಗೆ ಕರೆಂಟ್ ಕೊಟ್ಟರು. ಆಸಿಲೋಸ್ಕೋಪಿನ ಪರದೆಯ ಮೇಲೆ ಅಲೆ ಮೂಡಿತು.

ಆದರೂ ಅರ್ಧ ಕೆಲಸ ಬಾಕಿಯಿತ್ತು. ಕಿಲ್ಬಿಯ ಚೂರಿನ ಮೇಲೆ ಭಾಗಗಳ ನಡುವೆ ಸಣ್ಣ ಚಿನ್ನದ ತಂತಿಗಳನ್ನು ಕೈಯಿಂದಲೇ ಹಾಕಬೇಕಿತ್ತು. ಬೆಸುಗೆಯ ಕಾಟ ಹೊಸ ರೂಪದಲ್ಲಿ ಉಳಿದಿತ್ತು. ಅದನ್ನು ಬಿಡಿಸಿದ್ದು ಕ್ಯಾಲಿಫೋರ್ನಿಯಾದ ಫೇರ್‌ಚೈಲ್ಡ್ ಕಂಪನಿ. ಅಲ್ಲಿ ಜೀನ್ ಹೋರ್ನಿ ಎಂಬ ಸ್ವಿಸ್ ಭೌತವಿಜ್ಞಾನಿ ಸಿಲಿಕಾನ್ ಮೇಲೆ ಬೆಳೆಯುವ ಆಕ್ಸೈಡ್ ಪದರವನ್ನು ತೆಗೆದುಹಾಕದೆ ಹಾಗೇ ಉಳಿಸಿಕೊಳ್ಳುವ ವಿಧಾನ ಕಂಡುಹಿಡಿದರು. ಆಕ್ಸೈಡ್ ಅಂದರೆ ಗಾಜಿನಂಥ ಪದರ, ಕರೆಂಟ್ ಹರಿಯಲು ಬಿಡುವುದಿಲ್ಲ. ರಾಬರ್ಟ್ ನಾಯ್ಸ್ 1959ರಲ್ಲಿ ಈ ಪದರವನ್ನೇ ಆಸರೆ ಮಾಡಿಕೊಂಡರು. ಅದರಲ್ಲಿ ಬೇಕಾದ ಕಡೆ ತೂತು ಬಿಟ್ಟು, ಮೇಲೆ ಅಲ್ಯೂಮಿನಿಯಂ ಗೆರೆಗಳನ್ನು ಹರಡಿದರೆ ಗೆರೆಗಳೇ ತಂತಿಗಳಾಗುತ್ತವೆ. ಅಲ್ಲಿಗೆ ಭಾಗವೂ ಅಚ್ಚು, ತಂತಿಯೂ ಅಚ್ಚು.

ಪೇಟೆಂಟಿಗಾಗಿ ಎರಡೂ ಕಂಪನಿಗಳು ವರ್ಷಗಟ್ಟಲೆ ಕಾದಾಡಿದವು, ಕೊನೆಗೆ ಪರಸ್ಪರ ಹಕ್ಕು ಕೊಟ್ಟುಕೊಂಡು ರಾಜಿಯಾದವು. ಕಿಲ್ಬಿಗೆ 2000ದಲ್ಲಿ ನೊಬೆಲ್ ಸಿಕ್ಕಿತು. ನಾಯ್ಸ್ 1990ರಲ್ಲೇ ತೀರಿಕೊಂಡಿದ್ದರು, ತೀರಿಕೊಂಡವರಿಗೆ ನೊಬೆಲ್ ಕೊಡುವ ರೂಢಿ ಇಲ್ಲ.

ಇಲ್ಲಿ ಇನ್ನೊಂದು ಹೆಸರನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು: ಮೊಹಮ್ಮದ್ ಅಟಲ್ಲಾ. ಈಜಿಪ್ಟಿನ ಪೋರ್ಟ್ ಸೈದ್‌ನಲ್ಲಿ ಹುಟ್ಟಿ, ಕೈರೋದಲ್ಲಿ ಓದಿ, ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ಬೆಲ್ ಲ್ಯಾಬ್ಸ್ ಸೇರಿದವರು. ಸಿಲಿಕಾನಿನ ಮೇಲ್ಮೈಯಲ್ಲಿ ವಿದ್ಯುತ್ತು ಸಿಕ್ಕಿಹಾಕಿಕೊಂಡು ಗೊಂದಲವಾಗುತ್ತಿತ್ತು. ಬಿಸಿಯಲ್ಲಿ ಶುದ್ಧವಾದ ಆಕ್ಸೈಡ್ ಪದರ ಬೆಳೆಸಿದರೆ ಆ ಗೊಂದಲ ಅಡಗುತ್ತದೆ ಎಂದು ಅವರು ತೋರಿಸಿದರು. ಕೊರಿಯಾದಿಂದ ಬಂದಿದ್ದ ದಾವೋನ್ ಕಾಂಗ್ ಜೊತೆ ಸೇರಿ ಮಾಸ್‌ಫೆಟ್ ಎಂಬ ಹೊಸ ಬಗೆಯ ಟ್ರಾನ್ಸಿಸ್ಟರನ್ನು ಮಾಡಿ 1960ರಲ್ಲಿ ಜಗತ್ತಿನ ಮುಂದಿಟ್ಟರು. ಅದರಲ್ಲಿ ಕರೆಂಟ್ ಹರಿಯುವ ದಾರಿಯ ಮೇಲೆ ತೆಳುವಾದ ಆಕ್ಸೈಡ್, ಅದರ ಮೇಲೆ ಗೇಟ್ ಎಂಬ ಮುಚ್ಚಳ. ಗೇಟಿಗೆ ವೋಲ್ಟೇಜ್ ಕೊಟ್ಟರೆ ಅಡಿಯಲ್ಲಿ ದಾರಿ ತೆರೆಯುತ್ತದೆ, ತೆಗೆದರೆ ಮುಚ್ಚುತ್ತದೆ. ಆಗ ಅದಕ್ಕೆ ಹೆಚ್ಚು ಬೆಲೆ ಸಿಗಲಿಲ್ಲ. ಇವತ್ತು ನಿಮ್ಮ ಫೋನಿನಲ್ಲಿರುವ ಟ್ರಾನ್ಸಿಸ್ಟರುಗಳಲ್ಲಿ ಬಹುಪಾಲು ಅದೇ ವಂಶದವು.

ಕಾತಿಬರ ಪುಟ ಮತ್ತು ಚಿಪ್‌ನ ಪುಟ

ಅಚ್ಚು ಅಂದೆನಲ್ಲ, ಅದು ಬರೀ ಹೋಲಿಕೆಗೆ ಹೇಳಿದ ಮಾತಲ್ಲ. ಚಿಪ್ ಮಾಡುವ ಮುಖ್ಯ ಕೆಲಸದ ಹೆಸರೇ ಫೋಟೊಲಿಥೊಗ್ರಫಿ. ಲಿಥೊ ಅಂದರೆ ಕಲ್ಲು, ಕಲ್ಲಚ್ಚು. ಉರ್ದು ಪತ್ರಿಕೆ, ಪುಸ್ತಕ ಓದುವ ಮನೆಗಳಲ್ಲಿ ಈ ಪದ ಹೊಸದಲ್ಲ. ನಸ್ತಾಲಿಕ್ ಬರಹ ಮೊಳೆ ಅಚ್ಚಿಗೆ ಸುಲಭವಾಗಿ ಒಗ್ಗದ ಕಾರಣ ಉರ್ದು ಪುಟಗಳನ್ನು ಕಾತಿಬರು ಕೈಯಲ್ಲಿ ಬರೆಯುತ್ತಿದ್ದರು, ಅದನ್ನು ಲಿಥೊ ಅಚ್ಚಿನಲ್ಲಿ ಮುದ್ರಿಸುತ್ತಿದ್ದರು. 1927ರಲ್ಲಿ ಶುರುವಾದ, ಕೈಬರಹದ ದಿನಪತ್ರಿಕೆ ಎಂದೇ ಹೆಸರಾದ 'ಮುಸಲ್ಮಾನ್' ಚೆನ್ನೈನ ಟ್ರಿಪ್ಲಿಕೇನ್‌ನದು. ಅಲ್ಲಿ ಕಾತಿಬರು ಲೇಖನಿಯಿಂದ ಬರೆದ ಪುಟದ ಫೋಟೊ ನೆಗೆಟಿವ್ ತೆಗೆದು, ಅದನ್ನು ಪ್ಲೇಟಿಗೆ ಇಳಿಸಿ, ಪ್ಲೇಟಿನಿಂದ ಪ್ರತಿಗಳನ್ನು ಮುದ್ರಿಸುತ್ತಾರೆ.

ಈಗ ಯೋಚಿಸಿ. ಪುಟ ಬರೆಯುವುದು ಒಂದು ಸಲ, ಅದಕ್ಕೆ ಗಂಟೆಗಟ್ಟಲೆ ಬೇಕು. ಮುದ್ರಿಸುವುದು ಸಾವಿರ ಸಲ, ಅದಕ್ಕೆ ಕ್ಷಣ ಸಾಕು. ಪುಟದಲ್ಲಿ ನೂರು ಪದ ಇದ್ದರೂ ಸಾವಿರ ಪದ ಇದ್ದರೂ ಯಂತ್ರಕ್ಕೆ ಒಂದೇ ಒತ್ತು. ಚಿಪ್ ಕೂಡ ಹೀಗೆಯೇ. ಸಾವಿರಾರು ಸ್ವಿಚ್ಚುಗಳನ್ನು ಒಂದೊಂದಾಗಿ ಜೋಡಿಸುವ ಬದಲು ಎಲ್ಲವನ್ನೂ ಒಂದೇ ಬೆಳಕಿನ ಒತ್ತಿನಲ್ಲಿ ಮೂಡಿಸುತ್ತಾರೆ.

ಕ್ರಮ ಹೀಗಿದೆ. ಕ್ವಾರ್ಟ್ಜ್ ಕಲ್ಲಿನಿಂದ ತೆಗೆದ ಸಿಲಿಕಾನನ್ನು ಅತಿ ಶುದ್ಧ ಮಾಡಿ ಕರಗಿಸುತ್ತಾರೆ. ಕರಗಿದ್ದರಲ್ಲಿ ಸಣ್ಣ ಹರಳೊಂದನ್ನು ಅದ್ದಿ, ತಿರುಗಿಸುತ್ತಾ ನಿಧಾನ ಮೇಲೆತ್ತಿದರೆ ಕಂಬದಂಥ ಒಂದೇ ಹರಳು ಬೆಳೆಯುತ್ತದೆ. ಅದನ್ನು ತೆಳುವಾದ ಬಿಲ್ಲೆಗಳಾಗಿ ಕೊಯ್ದು ಕನ್ನಡಿಯಂತೆ ಉಜ್ಜುತ್ತಾರೆ. ಈ ಬಿಲ್ಲೆಗೆ ವೇಫರ್ ಅಂತ ಹೆಸರು. ಈಗಿನ ದೊಡ್ಡ ಕಾರ್ಖಾನೆಗಳ ವೇಫರ್ 300 ಮಿಲಿಮೀಟರ್ ಅಗಲ, ಅಂದರೆ ನಮ್ಮ ಊಟದ ತಟ್ಟೆಯಷ್ಟು. ದಪ್ಪ ಒಂದು ಮಿಲಿಮೀಟರಿಗಿಂತ ಕಡಿಮೆ.

ವೇಫರ್ ಮೇಲೆ ಬೆಳಕು ಬಿದ್ದರೆ ಗುಣ ಬದಲಿಸುವ ದ್ರವವನ್ನು ಸವರುತ್ತಾರೆ. ನಕ್ಷೆ ಕೊರೆದ ಮಾಸ್ಕ್ ಎಂಬ ಫಲಕದ ಮೂಲಕ ಬೆಳಕು ಹಾಯಿಸುತ್ತಾರೆ. ಇದೇ ನೆಗೆಟಿವ್ ಇದ್ದ ಹಾಗೆ. ಮಸೂರಗಳು ನಕ್ಷೆಯನ್ನು ಕುಗ್ಗಿಸಿ ವೇಫರ್ ಮೇಲೆ ಬೀಳಿಸುತ್ತವೆ. ಬೆಳಕು ತಾಗಿದ ಭಾಗ ತೊಳೆದುಹೋಗುತ್ತದೆ, ಉಳಿದದ್ದು ಮುಚ್ಚಿಕೊಂಡಿರುತ್ತದೆ. ತೆರೆದ ಜಾಗದಲ್ಲಿ ಕೊರೆಯುವುದೋ, ಲೋಹ ತುಂಬುವುದೋ, ಬೋರಾನ್ ಅಥವಾ ರಂಜಕದ ಪರಮಾಣುಗಳನ್ನು ಸೇರಿಸುವುದೋ ನಡೆಯುತ್ತದೆ. ಶುದ್ಧ ಸಿಲಿಕಾನಿನಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಈ ಚಿಟಿಕೆ ಬೆರಕೆಯೇ ಅದಕ್ಕೆ ಜೀವ. ಮತ್ತೆ ದ್ರವ, ಮತ್ತೆ ಮಾಸ್ಕ್, ಮತ್ತೆ ಬೆಳಕು. ಹೀಗೆ ಪದರದ ಮೇಲೆ ಪದರ, ನೂರಾರು ಹಂತ, ತಿಂಗಳುಗಟ್ಟಲೆ. ಒಂದು ಧೂಳಿನ ಕಣ ಬಿದ್ದರೂ ಆ ಚಿಪ್ ಹಾಳು. ಅದಕ್ಕೇ ಅಲ್ಲಿ ಕೆಲಸ ಮಾಡುವವರು ತಲೆಯಿಂದ ಕಾಲಿನವರೆಗೆ ಮುಚ್ಚಿಕೊಳ್ಳುತ್ತಾರೆ. ಅಚ್ಚು ಹಾಕುವ ಕೋಣೆಯಲ್ಲಿ ಹಳದಿ ದೀಪ ಮಾತ್ರ ಇರುತ್ತದೆ. ಬಿಳಿ ಬೆಳಕಿಗೆ ಆ ದ್ರವ ಕೆಡುತ್ತದೆ, ಹಳೆಯ ಫೋಟೊ ಸ್ಟುಡಿಯೋದ ಕೆಂಪು ದೀಪದ ಹಾಗೆ.

ಕೊನೆಗೆ ವೇಫರನ್ನು ಚೂರುಚೂರಾಗಿ ಕತ್ತರಿಸಿ, ಕಪ್ಪು ಕವಚದಲ್ಲಿ ಕೂರಿಸಿ ಕಾಲು ಕೊಡುತ್ತಾರೆ. ರಿಪೇರಿ ಅಂಗಡಿಯಲ್ಲಿ ನೀವು ನೋಡುವುದು ಆ ಕವಚವನ್ನು ಮಾತ್ರ. ಒಳಗೆ ಕೆಟ್ಟರೆ ಬಿಚ್ಚಿ ಸರಿಮಾಡಲು ಯಾಕಾಗುವುದಿಲ್ಲ ಅಂತ ಈಗ ಗೊತ್ತಾಯಿತಲ್ಲ? ಅಚ್ಚಾದ ಪುಟದಲ್ಲಿ ಒಂದು ಅಕ್ಷರವನ್ನು ಬಿಚ್ಚಿ ಬೇರೆ ಹಾಕುವುದು ಹೇಗೆ? ಇನ್ನೊಂದು ಪ್ರತಿ ತರಬೇಕು, ಅಷ್ಟೇ.

ಅಗ್ಗವಾದದ್ದು ಹೀಗೆ

ಮೊದಮೊದಲು ಐಸಿ ಬಹಳ ದುಬಾರಿ. ಕೊಂಡವರು ಬೆಲೆ ನೋಡದವರು: ಕ್ಷಿಪಣಿ ಮಾಡುವ ಅಮೆರಿಕದ ಸೇನೆ, ಚಂದ್ರನಿಗೆ ಹೊರಟ ನಾಸಾ. ಅಪೊಲೊ ನೌಕೆಯಲ್ಲಿ ದಾರಿ ಲೆಕ್ಕ ಹಾಕಿದ ಕಂಪ್ಯೂಟರಿನಲ್ಲಿ ಸುಮಾರು 2,800 ಐಸಿಗಳಿದ್ದವು. ಆ ಬೇಡಿಕೆಯಿಂದ ಕಾರ್ಖಾನೆಗಳು ಕೈ ಪಳಗಿಸಿಕೊಂಡವು, ಬೆಲೆ ಇಳಿಯಿತು.

1965ರಲ್ಲಿ ಗಾರ್ಡನ್ ಮೂರ್ ಒಂದು ಲೇಖನದಲ್ಲಿ, ಒಂದು ಚಿಪ್‌ನಲ್ಲಿ ಹಿಡಿಸುವ ಭಾಗಗಳ ಸಂಖ್ಯೆ ವರ್ಷವರ್ಷವೂ ಇಮ್ಮಡಿಯಾಗುತ್ತಿದೆ ಎಂದು ಬರೆದರು. 1975ರಲ್ಲಿ ಅದನ್ನು ಎರಡು ವರ್ಷಕ್ಕೊಮ್ಮೆ ಎಂದು ತಿದ್ದಿದರು. ಇದನ್ನೇ ಮೂರ್ ನಿಯಮ ಅನ್ನುತ್ತಾರೆ. ಇದು ಪ್ರಕೃತಿಯ ನಿಯಮವಲ್ಲ, ಉದ್ಯಮ ತನಗೆ ತಾನೇ ಹಾಕಿಕೊಂಡ ಗುರಿ. ಗೆರೆ ತೆಳುವಾದಷ್ಟೂ ಅದೇ ಬಿಲ್ಲೆಯಲ್ಲಿ ಹೆಚ್ಚು ಸ್ವಿಚ್ ಹಿಡಿಸುತ್ತದೆ. ಬಿಲ್ಲೆಯ ಖರ್ಚು ಅಷ್ಟೇನೂ ಏರದಿದ್ದರೆ ಒಂದೊಂದು ಸ್ವಿಚ್ಚಿನ ಬೆಲೆ ಇಳಿಯುತ್ತದೆ.

1971ರಲ್ಲಿ ಇಂಟೆಲ್ ಮಾರಾಟಕ್ಕಿಟ್ಟ 4004 ಚಿಪ್‌ನಲ್ಲಿ ಸುಮಾರು 2,300 ಟ್ರಾನ್ಸಿಸ್ಟರುಗಳಿದ್ದವು. ಅದನ್ನು ಕೇಳಿದ್ದು ಬ್ಯುಸಿಕಾಮ್ ಎಂಬ ಜಪಾನಿನ ಕ್ಯಾಲ್ಕ್ಯುಲೇಟರ್ ಕಂಪನಿ. ಒಂದೊಂದು ಕೆಲಸಕ್ಕೆ ಒಂದೊಂದು ಚಿಪ್ ಮಾಡುವ ಬದಲು, ಪ್ರೋಗ್ರಾಂ ಬದಲಿಸಿದರೆ ಕೆಲಸವೂ ಬದಲಾಗುವ ಒಂದೇ ಚಿಪ್ ಮಾಡೋಣ ಎಂಬ ಯೋಚನೆಯಿಂದ ಮೈಕ್ರೊಪ್ರೊಸೆಸರ್ ಹುಟ್ಟಿತು. 2020ರಲ್ಲಿ ಬಂದ ಆಪಲ್ ಎಂ1 ಚಿಪ್‌ನಲ್ಲಿ 1,600 ಕೋಟಿ ಟ್ರಾನ್ಸಿಸ್ಟರುಗಳಿವೆ. ಇಷ್ಟನ್ನು ಕೈಯಿಂದ ಬೆಸೆಯುವುದಾಗಿದ್ದರೆ, ಸೆಕೆಂಡಿಗೆ ಒಂದರಂತೆ ಹಗಲೂ ರಾತ್ರಿ ಕೂತರೂ 500 ವರ್ಷ ಬೇಕು!

ಬರೆಯುವವರು ಬಹಳ, ಅಚ್ಚು ಹಾಕುವವರು ಕೆಲವರು

ಅಚ್ಚಿನ ವಿದ್ಯೆಗೆ ಇನ್ನೊಂದು ಮುಖವಿದೆ. ಪ್ರತಿ ಅಗ್ಗವಾಗುತ್ತಾ ಹೋದಂತೆ ಅಚ್ಚುಕೂಟ ದುಬಾರಿಯಾಗುತ್ತಾ ಹೋಯಿತು. ಅತಿ ತೆಳು ಗೆರೆ ಎಳೆಯಲು 13.5 ನ್ಯಾನೊಮೀಟರ್ ತರಂಗಾಂತರದ ಬೆಳಕು ಬೇಕು. ಸೆಕೆಂಡಿಗೆ 50 ಸಾವಿರ ತವರದ ಹನಿಗಳನ್ನು ಲೇಸರಿನಿಂದ ಹೊಡೆದು ಆ ಬೆಳಕನ್ನು ಹುಟ್ಟಿಸುತ್ತಾರೆ. ಗಾಜಿನ ಮಸೂರ ಅದನ್ನು ನುಂಗಿಬಿಡುವುದರಿಂದ ಕನ್ನಡಿಗಳನ್ನೇ ಬಳಸಬೇಕು, ಅದೂ ನಿರ್ವಾತದಲ್ಲಿ. ಈ ಯಂತ್ರವನ್ನು ಮಾರುವ ಕಂಪನಿ ಜಗತ್ತಿನಲ್ಲಿ ಒಂದೇ, ನೆದರ್ಲೆಂಡ್ಸ್‌ನ ಎಎಸ್‌ಎಂಎಲ್. ಅದನ್ನು ಕೊಂಡು ಅತ್ಯಾಧುನಿಕ ಚಿಪ್ ಮಾಡುವುದರಲ್ಲಿ ಬಹುಪಾಲು ತೈವಾನಿನ ಟಿಎಸ್‌ಎಂಸಿಯದು. ಅದನ್ನು 1987ರಲ್ಲಿ ಕಟ್ಟಿದ ಮೋರಿಸ್ ಚಾಂಗ್, ಕಿಲ್ಬಿ ಇದ್ದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲೇ ದೀರ್ಘಕಾಲ ದುಡಿದವರು. "ನೀವು ನಕ್ಷೆ ಕೊಡಿ, ನಾವು ಅಚ್ಚು ಹಾಕಿಕೊಡುತ್ತೇವೆ" ಎಂಬುದು ಅವರ ವ್ಯಾಪಾರ. ಅದಾದ ಮೇಲೆ ಸ್ವಂತ ಕಾರ್ಖಾನೆ ಇಲ್ಲದವರೂ ಚಿಪ್ ಕಂಪನಿ ಕಟ್ಟುವುದು ಸುಲಭವಾಯಿತು.

ಅಚ್ಚುಕೂಟ ಕೆಲವರ ಕೈಯಲ್ಲಿದ್ದರೆ ಏನಾಗುತ್ತದೆ ಅಂತ 2021ರಲ್ಲಿ ಎಲ್ಲರಿಗೂ ಗೊತ್ತಾಯಿತು. ಲಾಕ್‌ಡೌನ್ ಹೊತ್ತಿನಲ್ಲಿ ಕಾರು ಕಂಪನಿಗಳು ಚಿಪ್ ಆರ್ಡರ್ ಕಡಿಮೆ ಮಾಡಿದವು. ಅದೇ ಹೊತ್ತಿಗೆ ಮನೆಯಲ್ಲಿ ಕೂತವರೆಲ್ಲ ಲ್ಯಾಪ್‌ಟಾಪ್, ಫೋನ್ ಕೊಂಡರು. ಕಾರಿನವರು ತಿರುಗಿ ಬಂದಾಗ ಕಾರ್ಖಾನೆಗಳಲ್ಲಿ ಜಾಗ ಇರಲಿಲ್ಲ. 2021ರ ಸೆಪ್ಟೆಂಬರಿನಲ್ಲಿ ಮಾರುತಿ ಸುಝುಕಿ, ತನ್ನ ಉತ್ಪಾದನೆ ಮಾಮೂಲಿಯ ಸುಮಾರು 40 ಶೇಕಡಕ್ಕೆ ಇಳಿಯಬಹುದು ಎಂದು ಹೇಳಬೇಕಾಯಿತು. ಕಾರುಗಳಿಗೆ ಸಿಗದೆ ಹೋದವುಗಳಲ್ಲಿ ಎಷ್ಟೋ ಚಿಪ್‌ಗಳು ಹಳೆಯ ಬಗೆಯ ಸಾಧಾರಣವಾದವೇ. ಲಕ್ಷಾಂತರ ರೂಪಾಯಿಯ ಕಾರು ಸಣ್ಣದೊಂದು ಚಿಪ್‌ಗಾಗಿ ಕಾದು ನಿಂತಿತು.

ನಮ್ಮ ದೇಶ ಎಲ್ಲಿದೆ?

ಭಾರತ ಈ ದಾರಿಗೆ ಹೊಸಬನಲ್ಲ. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1960ರ ದಶಕದಲ್ಲೇ ಟ್ರಾನ್ಸಿಸ್ಟರ್ ಮಾಡುತ್ತಿತ್ತು. ಪಂಜಾಬಿನ ಮೊಹಾಲಿಯಲ್ಲಿ ಸರ್ಕಾರಿ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ 1984ರಲ್ಲಿ ಉತ್ಪಾದನೆ ಶುರುಮಾಡಿತು. 1989ರಲ್ಲಿ ಅಲ್ಲಿ ಬೆಂಕಿ ಬಿದ್ದು ಕಾರ್ಖಾನೆ ಸುಟ್ಟುಹೋಯಿತು. ಮತ್ತೆ ಎದ್ದು ನಿಲ್ಲುವ ಹೊತ್ತಿಗೆ ಜಗತ್ತು ಬಹಳ ಮುಂದೆ ಹೋಗಿತ್ತು.

ನಕ್ಷೆ ಬರೆಯುವ ಕೆಲಸದಲ್ಲಿ ಮಾತ್ರ ಕಥೆ ಬೇರೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಅಮೆರಿಕಕ್ಕೆ ನಕ್ಷೆ ಕಳಿಸಲು ಉಪಗ್ರಹ ಸಂಪರ್ಕ ಬೇಕಿತ್ತು, ಅದರ ಸಲಕರಣೆಯನ್ನು ಎತ್ತಿನಗಾಡಿಯಲ್ಲಿ ಸಾಗಿಸಿದ ಫೋಟೊ ಇವತ್ತಿಗೂ ಪ್ರಸಿದ್ಧ. ಅದರ ಹಿಂದೆ ಎಷ್ಟೋ ಕಂಪನಿಗಳು ಬಂದವು. ಈಗ ಜಗತ್ತಿನ ಚಿಪ್ ವಿನ್ಯಾಸಕಾರರಲ್ಲಿ ಸುಮಾರು ಐದನೇ ಒಂದು ಭಾಗ ಭಾರತದಲ್ಲಿದ್ದಾರೆ ಎಂದು ಸರ್ಕಾರ ಹೇಳುತ್ತದೆ. ಬೆಂಗಳೂರು, ಹೈದರಾಬಾದ್, ನೋಯ್ಡಾ, ಚೆನ್ನೈ, ಪುಣೆಯಲ್ಲಿ ಕೂತು ಬರೆದ ನಕ್ಷೆ ಬೇರೆ ದೇಶದಲ್ಲಿ ಅಚ್ಚಾಗಿ, ಬೇರೆ ಹೆಸರಿನಲ್ಲಿ ನಮ್ಮ ಕೈಗೇ ಬರುತ್ತದೆ.

ಬದಲಾವಣೆ ಶುರುವಾಗಿದೆ. ಐಐಟಿ ಮದ್ರಾಸ್ 'ಶಕ್ತಿ' ಎಂಬ ಪ್ರೊಸೆಸರ್ ರೂಪಿಸಿತು. ಅದರ ಒಂದು ಚಿಪ್ 2018ರಲ್ಲಿ ಮೊಹಾಲಿಯಲ್ಲೇ ತಯಾರಾಯಿತು. ಇಸ್ರೋ ರಾಕೆಟ್‌ಗಳಿಗಾಗಿ ಮಾಡಿದ 'ವಿಕ್ರಂ' 32 ಬಿಟ್ ಪ್ರೊಸೆಸರ್ 2025ರಲ್ಲಿ ಅಲ್ಲಿಂದಲೇ ಹೊರಬಂತು. ಅಲ್ಲಿಯದು 180 ನ್ಯಾನೊಮೀಟರಿನ ಹಳೆಯ ತಂತ್ರ, ಫೋನಿಗೆ ಸಾಲದು. ಆದರೆ ರಾಕೆಟ್ಟಿಗೆ ಬೇಕಾದದ್ದು ವೇಗಕ್ಕಿಂತ ಹೆಚ್ಚಾಗಿ ಗಟ್ಟಿತನ. 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಚಿಪ್ ಉದ್ಯಮಕ್ಕೆ 76 ಸಾವಿರ ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಿತು. ಗುಜರಾತಿನ ಧೊಲೇರಾದಲ್ಲಿ ಟಾಟಾ ಕಾರ್ಖಾನೆ, ಸಾಣಂದ್‌ನಲ್ಲಿ ಮೈಕ್ರಾನ್, ಅಸ್ಸಾಮಿನ ಜಾಗಿರೋಡಿನಲ್ಲಿ ಕವಚ ಹಾಕುವ ಘಟಕ, ಇವೆಲ್ಲ ಆ ಯೋಜನೆಯಿಂದ ಬಂದವು.

ವಿದ್ಯಾರ್ಥಿಗಳಿಗೆ ನಾಲ್ಕು ಮಾತು

ನಮ್ಮ ಎಷ್ಟೋ ಹುಡುಗರು ಎಸ್‌ಎಸ್‌ಎಲ್‌ಸಿ ಆದ ಮೇಲೆ, ಕೆಲವರು ಅದಕ್ಕೂ ಮುಂಚೆ, ಮಾಮೂನ ಅಥವಾ ಪರಿಚಯದವರ ಮೊಬೈಲ್ ಅಂಗಡಿಗೆ ಸೇರುತ್ತಾರೆ. ಕೂದಲಿನಷ್ಟು ಸಣ್ಣ ಜಾಗದಲ್ಲಿ ಹಾಟ್ ಏರ್ ಬೀಸಿ ಪವರ್ ಐಸಿ ಕಿತ್ತು, ರೀಬಾಲಿಂಗ್ ಮಾಡಿ ಕೂರಿಸುವ ಅವರ ಕೈಚಳಕ ಸಣ್ಣದಲ್ಲ. ಇಂಜಿನಿಯರಿಂಗ್ ಪಾಸಾದ ಎಷ್ಟೋ ಜನರಿಗೆ ಅದು ಬಾರದು. ಆದರೆ ಯಾವ ಐಸಿ ಎಲ್ಲಿ ಕೂರುತ್ತದೆ ಅಂತ ಬಲ್ಲವನು, ಅದು ಯಾಕೆ ಅಲ್ಲಿದೆ ಅಂತ ಕಲಿಯುವ ಬಾಗಿಲನ್ನು ತಟ್ಟುವುದೇ ಇಲ್ಲ. ಯಾರೂ ತೋರಿಸಿಲ್ಲ, ಅದಕ್ಕೆ. ಕಳಕೊಳ್ಳುತ್ತಿರುವವರು ನಾವು.

ಆ ಬಾಗಿಲು ದೂರವಿಲ್ಲ. ಪ್ರತಿ ಐಸಿಗೂ ಡೇಟಾಶೀಟ್ ಎಂಬ ಕೈಪಿಡಿ ಇರುತ್ತದೆ. ಮಾಮೂಲಿ ಐಸಿಗಳದ್ದು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಮೇಲೆ ಬರೆದಿರುವ ನಂಬರನ್ನು ಹುಡುಕಿ, ಯಾವ ಕಾಲು ಏನು ಮಾಡುತ್ತದೆ ಅಂತ ಓದುವ ಅಭ್ಯಾಸ ಮಾಡಿಕೊಳ್ಳಿ. 555 ಎಂಬ ಟೈಮರ್ ಐಸಿ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಕೆಲವೇ ರೂಪಾಯಿಗೆ ಸಿಗುತ್ತದೆ. ಒಂದು ಬ್ರೆಡ್‌ಬೋರ್ಡ್, ಎರಡು ರೆಸಿಸ್ಟರ್, ಕೆಪಾಸಿಟರ್, ಎಲ್‌ಇಡಿ, ಬ್ಯಾಟರಿ ಸೇರಿಸಿ ದೀಪ ಮಿಣುಕಿಸಿ ನೋಡಿ. ಹತ್ತು ಪುಟ ಓದಿದ್ದಕ್ಕಿಂತ ಹೆಚ್ಚು ತಿಳಿಯುತ್ತದೆ.

ಓದಿನ ದಾರಿಯೂ ಅಗಲವಾಗಿದೆ. ಎಐಸಿಟಿಇ 2023ರಲ್ಲಿ ಚಿಪ್ ವಿನ್ಯಾಸಕ್ಕೆ ಬಿ.ಟೆಕ್ ಮತ್ತು ಚಿಪ್ ತಯಾರಿಕೆಗೆ ಡಿಪ್ಲೊಮಾ ಪಠ್ಯಕ್ರಮಗಳನ್ನು ತಂದಿತು. ಕಾಲೇಜುಗಳಿಗೆ ದುಬಾರಿ ವಿನ್ಯಾಸ ಸಾಫ್ಟ್‌ವೇರ್ ಒದಗಿಸುವ ಚಿಪ್‌ಇನ್ ಕೇಂದ್ರ ಬೆಂಗಳೂರಿನ ಸಿ-ಡಾಕ್‌ನಲ್ಲಿದೆ. ನಿಮ್ಮ ಕಾಲೇಜು ಅದರಲ್ಲಿದೆಯೇ ಅಂತ ವಿಭಾಗದ ಮುಖ್ಯಸ್ಥರನ್ನು ಕೇಳಿ. ಎಲ್ಲರೂ ವಿನ್ಯಾಸಕಾರರೇ ಆಗಬೇಕಿಲ್ಲ. ಕಾರ್ಖಾನೆಗೆ ರಸಾಯನಶಾಸ್ತ್ರ ಓದಿದವರು, ನೀರು ಶುದ್ಧ ಮಾಡುವವರು, ಯಂತ್ರ ನೋಡಿಕೊಳ್ಳುವ ಡಿಪ್ಲೊಮಾ ಮತ್ತು ಐಟಿಐ ಹುಡುಗ ಹುಡುಗಿಯರು, ಪರೀಕ್ಷೆ ಮಾಡುವವರು ಎಲ್ಲರೂ ಬೇಕು.

ಇಂಜಿನಿಯರಿಂಗ್ ಅಂದರೆ ಸಾಫ್ಟ್‌ವೇರ್ ಒಂದೇ ಅಂತ ತಿಳಿದಿರುವ ತಂದೆತಾಯಿಗಳಿಗೂ ಇದೇ ಮಾತು. ಸಾಫ್ಟ್‌ವೇರ್ ಓಡುವುದು ಈ ಸಿಲಿಕಾನ್ ಬಿಲ್ಲೆಯ ಮೇಲೆಯೇ. ನಿಮ್ಮ ಮಗನೋ ಮಗಳೋ ರಿಪೇರಿ ಮೇಜಿನ ಮೇಲೆ ಬೋರ್ಡು ಬಿಚ್ಚಿ ಕೂತಿದ್ದರೆ ಬೈಯಬೇಡಿ. ಆ ಕಪ್ಪು ಚೌಕದ ಒಳಗೆ ಏನಿದೆ ಅಂತ ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ಇಬ್ಬರೂ ಕೂತು ಹುಡುಕಿ.